ದೊಡ್ಡಮ್ಮನ ಮಾತ್ರೆ, ನನ್ನ ಟಾನಿಕ್ಕು

ಎಪ್ಪತ್ತರ ದಶಕದ ನಡುವಿನ ಮೂರು ವರ್ಷ ನಾನು ಡಾಕ್ಟರುಗಳಿಗೆ ಪಾಠ ಹೇಳುವ ಕೆಲಸದಲ್ಲಿದ್ದೆ. ಹಾಗಂತ ನಾನು ತಿಳಿದುಕೊಂಡಿದ್ದೆ. ಕಂಪನಿಯವರು ಕೊಟ್ಟ ನೇಮಕಾತಿ ಪತ್ರದಲ್ಲಿ ಮೆಡಿಕಲ್ ರೆಪ್ರೆಸೆಂಟೇಟಿವ್ ಎಂದು ಟೈಪಾಗಿತ್ತು. ನಮ್ಮ ದೊಡ್ಡಪ್ಪ ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು, ಮಾತ್ರೆ ಮಾರುವ ಕೆಲಸವಾ ಎಂದು ಕೇಳಿದರು. ಮಾರುವುದಲ್ಲ, ವಿವರಿಸುವುದು ಎಂದು ನಾನು ತಿದ್ದಿದೆ. ವಿವರಿಸಿದ ಮೇಲೆ ಡಾಕ್ಟರು ಬರೆದುಕೊಡಬೇಕು, ಅಂಗಡಿಯಲ್ಲಿ ಅದು ಖರ್ಚಾಗಬೇಕು, ಆಗದಿದ್ದರೆ ನನ್ನನ್ನು ಮನೆಗೆ ಕಳಿಸುತ್ತಾರೆ ಎಂಬ ಭಾಗವನ್ನು ಮಾತ್ರ ಹೇಳಲಿಲ್ಲ.

ನನ್ನೂರು ತುಮಕೂರಿನ ಕಡೆ. ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದ್ದೆ, ಸೆಕೆಂಡ್ ಕ್ಲಾಸು, ಅದೂ ಒಂದು ಪೇಪರನ್ನು ಎರಡನೆಯ ಸಲ ಬರೆದು. ಅಮ್ಮನ ಅಕ್ಕ, ಅಂದರೆ ನಮ್ಮ ದೊಡ್ಡಮ್ಮ, ರಾಜಾಜಿನಗರದಲ್ಲಿ ಇದ್ದುದರಿಂದ ಬೆಂಗಳೂರಿನಲ್ಲಿ ಎಲ್ಲಿ ಉಳಿಯುವುದು ಎಂಬ ಚಿಂತೆ ಇರಲಿಲ್ಲ. ಅವರಿಗೆ ಮಕ್ಕಳಿರಲಿಲ್ಲ. ಬೀದಿಗೆ ತೆರೆಯುವ ಮುಂದಿನ ಕೋಣೆಯನ್ನು ನನಗೆ ಬಿಟ್ಟುಕೊಟ್ಟರು. ದೊಡ್ಡಪ್ಪ ಕಾರ್ಖಾನೆಯೊಂದರಿಂದ ನಿವೃತ್ತರಾಗಿ ಹಿತ್ತಿಲಿನ ತೊಂಡೆ ಚಪ್ಪರ ನೋಡಿಕೊಂಡಿದ್ದರು. ದೊಡ್ಡಮ್ಮ ಮೂವತ್ತು ವರ್ಷ ಪ್ರೈಮರಿ ಸ್ಕೂಲಿನಲ್ಲಿ ಟೀಚರಾಗಿದ್ದವರು. ಅವರ ಅಕ್ಷರ ಆ ಬೀದಿಯಲ್ಲೆಲ್ಲ ಹೆಸರುವಾಸಿ. ರೇಷನ್ ಕಾರ್ಡಿಗೆ, ನಲ್ಲಿ ಸಂಪರ್ಕಕ್ಕೆ, ಮಗನ ಫೀಸು ಮಾಫಿಗೆ ಯಾವ ಅರ್ಜಿ ಬರೆಯಬೇಕಿದ್ದರೂ ಜನ ನಮ್ಮ ಜಗಲಿಗೇ ಬರುತ್ತಿದ್ದರು. ದುಂಡಗೆ, ಒಂದಕ್ಕೊಂದು ತಾಕದಂತೆ, ಸಾಲು ಬಿಡದೆ ಬರೆಯುತ್ತಿದ್ದರು.

ನನ್ನ ಏರಿಯಾ ರಾಜಾಜಿನಗರದಿಂದ ಕೆಂಗೇರಿವರೆಗೆ. ಹೊಸಹಳ್ಳಿ, ವಿಜಯನಗರಗಳಿಗೆ ಸೈಕಲ್ಲು, ಕೆಂಗೇರಿಗೆ ಬಸ್ಸು. ಬಸವೇಶ್ವರನಗರದಲ್ಲಿ ಆಗ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚು. ಆ ಕಲ್ಲುಗಳ ನಡುವೆ ಮೇಯುವ ಎಮ್ಮೆಗಳನ್ನು ದಾಟಿಕೊಂಡು, ಕತ್ತಿಗೆ ಟೈ ಬಿಗಿದು, ಕೆಂಪು ಧೂಳು ಮೆತ್ತಿದ ಬೂಟು ಹಾಕಿಕೊಂಡು ನಾನು ವೈದ್ಯಶಾಸ್ತ್ರವನ್ನು ಹರಡಲು ಹೋಗುತ್ತಿದ್ದೆ. ಬ್ಯಾಗಿನಲ್ಲಿ ಇರುತ್ತಿದ್ದುದು ಎರಡೇ ಸರಕು: ಕಿತ್ತಳೆ ವಾಸನೆಯ ಬಿ ಕಾಂಪ್ಲೆಕ್ಸ್ ಟಾನಿಕ್ಕು, ಮತ್ತು ಅದೇ ವಿಟಮಿನ್ನುಗಳನ್ನು ಇನ್ನೂ ಹೆಚ್ಚಿಗೆ ತುಂಬಿದ ಕೆಂಪು ಮಾತ್ರೆ. ಮನೆಯಲ್ಲಿ ಅದಕ್ಕೆ ಶಕ್ತಿ ಮಾತ್ರೆ ಎಂದೇ ಹೆಸರಾಯಿತು.

ಕೆಲಸಕ್ಕೆ ಸೇರಿದಾಗ ಬೊಂಬಾಯಿಯಲ್ಲಿ ಹನ್ನೆರಡು ದಿನ ತರಬೇತಿ ಕೊಟ್ಟಿದ್ದರು. ಅಲ್ಲಿ ಒಂದು ಮಧ್ಯಾಹ್ನ, ಊಟವಾದ ಮೇಲೆ, ಪರದೆಯ ಮೇಲೆ ಮಿದುಳಿನ ಚಿತ್ರ ತೋರಿಸಿ ಒಂದು ವಿಷಯ ಹೇಳಿದರು. ಮಿದುಳಿಗೆ ಹೋಗುವ ಸಣ್ಣ ರಕ್ತನಾಳಗಳ ಗೋಡೆ ಮೈಯ ಬೇರೆ ಕಡೆಯ ಹಾಗಲ್ಲ, ತುಂಬ ಬಿಗಿ. ರಕ್ತದಲ್ಲಿ ಹರಿಯುವುದೆಲ್ಲ ಅದನ್ನು ದಾಟಿ ಮಿದುಳಿಗೆ ಹೋಗಲಾರದು. ಎಷ್ಟೋ ಔಷಧಿಗಳು ಅಲ್ಲೇ ಹೊರಗೆ ಉಳಿಯುತ್ತವೆ. ಬ್ಲಡ್ ಬ್ರೇನ್ ಬ್ಯಾರಿಯರ್. ಉಳಿದವರೆಲ್ಲ ತೂಕಡಿಸುತ್ತಿದ್ದರು, ನಾನು ಆ ಮೂರು ಪದಗಳಿಗೆ ಮನಸೋತೆ. ನಮ್ಮ ಟಾನಿಕ್ಕಿಗೂ ಅದಕ್ಕೂ ಅಂಥ ಸಂಬಂಧವೇನೂ ಇರಲಿಲ್ಲ. ಆದರೂ ಹೋದಲ್ಲೆಲ್ಲ ಅದನ್ನು ತೂರಿಸುತ್ತಿದ್ದೆ. ಕೆಂಗೇರಿಯ ಒಬ್ಬ ಡಾಕ್ಟರು, ಹೊರಗೆ ನಲವತ್ತು ಜನ ಕೂತಿರುವಾಗ, ನನ್ನ ವಿವರಣೆಯನ್ನು ಕಣ್ಣು ಮುಚ್ಚಿ ಕೇಳುತ್ತಿದ್ದರು. ಏಕಾಗ್ರತೆ ಎಂದುಕೊಂಡಿದ್ದೆ.

ದೊಡ್ಡಮ್ಮನ ಕಾಯಿಲೆ ಮೊದಲು ಗೊತ್ತಾದದ್ದು ಊರಿನಲ್ಲಿದ್ದ ನಮ್ಮಮ್ಮನಿಗೆ. ಅಕ್ಕ ತಂಗಿಯರು ವಾರಕ್ಕೊಂದು ಕಾರ್ಡು ಬರೆದುಕೊಳ್ಳುತ್ತಿದ್ದರು. ಅಕ್ಕನ ಅಕ್ಷರ ಯಾಕೆ ಇರುವೆ ಸಾಲಿನ ಹಾಗೆ ಆಗಿದೆ, ಕಾರ್ಡಿನಲ್ಲಿ ಜಾಗ ಉಳಿಸುತ್ತಿದ್ದಾಳಾ ಎಂದು ಅಮ್ಮ ನನಗೆ ಬರೆದು ಕೇಳಿದಳು. ನಾನು ನೋಡಿದೆ. ಸಾಲಿನ ಮೊದಲ ಅಕ್ಷರ ಹಳೆಯ ಹಾಗೆ ದುಂಡಗಿತ್ತು, ಕೊನೆಗೆ ಹೋಗುವಷ್ಟರಲ್ಲಿ ಸಾಸಿವೆಯಷ್ಟಾಗುತ್ತಿತ್ತು. ಕಣ್ಣಿನ ದೋಷ ಎಂದು ತೀರ್ಮಾನಿಸಿದೆ. ಆಮೇಲೆ ಅವರ ಬಲಗೈ ಸುಮ್ಮನಿದ್ದಾಗ ಹೆಬ್ಬೆರಳೂ ತೋರುಬೆರಳೂ ಒಂದನ್ನೊಂದು ಉಜ್ಜತೊಡಗಿದವು. ನರದ ದೌರ್ಬಲ್ಯ ಎಂದು ತೀರ್ಮಾನ ಬದಲಿಸಿದೆ. ನಡಿಗೆ ಚಿಕ್ಕದಾಯಿತು, ಮುಖದಲ್ಲಿ ನಗು ಬರುವುದು ತಡವಾಯಿತು. ಅರ್ಜಿ ಬರೆಸಲು ಬಂದವರು ಟೀಚರಮ್ಮನಿಗೆ ಈಗ ಜಂಬ ಬಂದಿದೆ ಎಂದು ಮಾತಾಡಿಕೊಂಡರು. ನಾನು ದಿನಕ್ಕೆರಡು ಚಮಚ ಟಾನಿಕ್ಕು ಶುರು ಮಾಡಿದೆ. ಐದಾರು ತಿಂಗಳು ಕುಡಿಸಿದೆ. ಕಿತ್ತಳೆ ವಾಸನೆ ಚೆನ್ನಾಗಿದೆ ಎನ್ನುವುದನ್ನು ಬಿಟ್ಟರೆ ಬೇರೆ ಪರಿಣಾಮ ಆದಂತಿರಲಿಲ್ಲ.

ಕೊನೆಗೆ ದೊಡ್ಡಪ್ಪನೇ ಒಂದು ದಿನ, ನನಗೆ ಹೇಳದೆ, ಅವರನ್ನು ಹತ್ತಿರದ ಡಾಕ್ಟರ ಬಳಿ ಕರೆದುಕೊಂಡು ಹೋದರು. ಆ ಡಾಕ್ಟರು ನನ್ನ ಪಟ್ಟಿಯಲ್ಲಿದ್ದವರೇ. ದೊಡ್ಡಮ್ಮ ಬಾಗಿಲಿನಿಂದ ಕುರ್ಚಿಯವರೆಗೆ ನಡೆದು ಬಂದದ್ದನ್ನು ನೋಡಿಯೇ ಅವರಿಗೆ ಅರ್ಥವಾಗಿತ್ತಂತೆ. ಇದು ನಡುಕದ ಕಾಯಿಲೆ, ಪಾರ್ಕಿನ್ಸನ್ ಎನ್ನುತ್ತಾರೆ, ಈಗ ಇದಕ್ಕೆ ಹೊಸ ಔಷಧಿ ಬಂದಿದೆ ಎಂದು ಹೇಳಿ ದೊಡ್ಡ ಆಸ್ಪತ್ರೆಯ ನರರೋಗದ ಡಾಕ್ಟರಿಗೆ ಚೀಟಿ ಬರೆದುಕೊಟ್ಟರು. ನಾನು ವಾರಕ್ಕೊಮ್ಮೆ ಹೋಗಿ ಮಿದುಳಿನ ಬಗ್ಗೆ ಭಾಷಣ ಮಾಡಿ ಬರುತ್ತಿದ್ದ ಅದೇ ಕೋಣೆಯಲ್ಲಿ, ನನ್ನ ಮನೆಯ ಕಾಯಿಲೆಯನ್ನು ಅರ್ಧ ನಿಮಿಷದಲ್ಲಿ ಹಿಡಿದಿದ್ದರು.

ದೊಡ್ಡ ಆಸ್ಪತ್ರೆಗೆ ಹೋಗುವ ದಿನ ನಾನು ರಜೆ ಹಾಕಿ ಜೊತೆಗೆ ಹೋದೆ. ನರರೋಗದ ಡಾಕ್ಟರು ಐವತ್ತು ದಾಟಿದವರು, ನಿಧಾನವಾಗಿ ಮಾತಾಡುವವರು. ದೊಡ್ಡಮ್ಮ ಟೀಚರು ಎಂದು ಗೊತ್ತಾದ ಕೂಡಲೆ ಕಾಗದವನ್ನು ಅವರ ಕಡೆಗೆ ತಿರುಗಿಸಿ ಚಿತ್ರ ಬರೆದರು. ಮಿದುಳಿನ ಒಳಗೆ ಡೋಪಮಿನ್ ಎಂಬ ಒಂದು ವಸ್ತು ಕಡಿಮೆಯಾಗಿದೆ, ಅದರಿಂದಲೇ ಕೈಕಾಲು ಮಾತು ಕೇಳುತ್ತಿಲ್ಲ. ಅದನ್ನೇ ಮಾತ್ರೆ ಮಾಡಿ ಕೊಡೋಣ ಎಂದರೆ ಮಿದುಳಿನ ಗೋಡೆ ಅದನ್ನು ಒಳಗೆ ಬಿಡುವುದಿಲ್ಲ. ಆದರೆ ಅದು ಯಾವುದರಿಂದ ತಯಾರಾಗುತ್ತದೋ ಆ ಲೆವೋಡೋಪಾ ಇನ್ನೊಂದು ಸಣ್ಣ ಕಣ, ನಾವು ತಿನ್ನುವ ಬೇಳೆ ಕಾಳು ಹಾಲಿನಿಂದ ಬರುವ ಅಮೈನೋ ಆಮ್ಲಗಳ ಜಾತಿಯದು. ಅಂಥ ಕಣಗಳು ಮಿದುಳಿಗೂ ಬೇಕು, ಆದ್ದರಿಂದ ಅವಕ್ಕೆಂದೇ ಗೋಡೆಯಲ್ಲಿ ಬಾಗಿಲುಗಳಿವೆ. ಲೆವೋಡೋಪಾ ಆ ಬಾಗಿಲಿನಿಂದ ಒಳಗೆ ಹೋಗಿ, ಅಲ್ಲಿ ಒಂದು ತುಣುಕು ಕಳಚಿಕೊಂಡು, ಬೇಕಾದ ವಸ್ತುವಾಗುತ್ತದೆ. ಇಷ್ಟನ್ನು ಡಾಕ್ಟರು ಎರಡು ಗೆರೆ, ಮೂರು ಸೊನ್ನೆ ಬರೆದು ಹೇಳಿಬಿಟ್ಟರು.

ಅಷ್ಟು ಚೆನ್ನಾಗಿ ಹೇಳಿದ್ದನ್ನು ನಾನು ಬಸ್ಸಿನಲ್ಲಿ ಕೆಡಿಸಿದೆ. ಬ್ಲಡ್ ಬ್ರೇನ್ ಬ್ಯಾರಿಯರ್ ನನ್ನ ಸ್ವಂತ ಆಸ್ತಿ ಎಂಬಂತೆ ಮೆಜೆಸ್ಟಿಕ್ಕಿನಿಂದ ರಾಜಾಜಿನಗರದವರೆಗೆ ವಿವರಿಸಿದೆ. ಮುಂದಿನ ಸೀಟಿನವರು ಎರಡು ಸಲ ತಿರುಗಿ ನೋಡಿದರು. ದೊಡ್ಡಮ್ಮ ಕೇಳಿಸಿಕೊಳ್ಳುತ್ತಿದ್ದರು. ಆಗ ಅವರ ದನಿಯೂ ಸಣ್ಣಗಾಗಿತ್ತು.

"ಬೇಳೆ ಜೊತೆ ಹೋಗೋ ಬಾಗಿಲಲ್ಲೇ ಇದೂ ಹೋಗತ್ತಾ?" ಎಂದು ಕೇಳಿದರು.

"ಹೂಂ. ಅದೇ ಬಾಗಿಲು."

"ಎಷ್ಟು ಬಾಗಿಲಿದೆ?"

ನನಗೆ ಗೊತ್ತಿರಲಿಲ್ಲ. ಸಾಕಷ್ಟಿವೆ ಎಂದೆ.

ಔಷಧಿ ಸಿಗುವುದು ಆಗ ಸುಲಭವಿರಲಿಲ್ಲ. ಇಷ್ಟರ ಮಟ್ಟಿಗೆ ನನ್ನ ಕೆಲಸ ಉಪಯೋಗಕ್ಕೆ ಬಂತು. ಪರಿಚಯದ ಅಂಗಡಿಯವರು ತರಿಸಿಕೊಟ್ಟರು. ಮೊದಲು ಸ್ವಲ್ಪ, ವಾರ ವಾರಕ್ಕೂ ಹೆಚ್ಚಿಸುತ್ತ ಹೋಗಬೇಕಿತ್ತು. ಮೊದಲ ಮೂರು ವಾರ ದೊಡ್ಡಮ್ಮನಿಗೆ ವಾಕರಿಕೆ. ಊಟ ಸೇರುತ್ತಿರಲಿಲ್ಲ. ದೊಡ್ಡಪ್ಪ ಗಂಜಿ ಮಾಡಿ ಕೊಡುತ್ತ, ಮಾತ್ರೆಯ ಹೊತ್ತನ್ನು ಕ್ಯಾಲೆಂಡರಿನ ಹಿಂದೆ ಬರೆದಿಡುತ್ತಿದ್ದರು.

ಐದನೆಯ ವಾರ, ಬೆಳಗ್ಗೆ ನಲ್ಲಿ ನೀರು ಬರುವ ಹೊತ್ತು, ನಾನು ಕನ್ನಡಿಯ ಮುಂದೆ ಟೈ ಕಟ್ಟಿಕೊಳ್ಳುತ್ತಿದ್ದೆ. ಹಿಂದೆ ಯಾರೋ ಬಿಂದಿಗೆ ಎತ್ತಿಕೊಂಡು ಹೋದ ಹಾಗಾಯಿತು. ದೊಡ್ಡಪ್ಪ ಹಿತ್ತಿಲಿನಲ್ಲಿದ್ದರು. ತಿರುಗಿ ನೋಡಿದರೆ ದೊಡ್ಡಮ್ಮ. ಕುರ್ಚಿಯಿಂದ ತಾವೇ ಎದ್ದು, ಖಾಲಿ ಬಿಂದಿಗೆಯನ್ನು ಸೊಂಟಕ್ಕಿಟ್ಟುಕೊಂಡು, ಬೀದಿಯ ನಲ್ಲಿಯ ಕಡೆಗೆ ಹೊರಟಿದ್ದರು. ನಾನು ಓಡಿ ಹೋಗಿ ಬಿಂದಿಗೆ ಕಿತ್ತುಕೊಂಡೆ. "ಬಿಡೋ, ಎಷ್ಟು ದಿನ ಆಯ್ತು" ಎಂದರು. ದೊಡ್ಡಪ್ಪ ಹಿತ್ತಿಲಿನಿಂದ ಬಂದು ನೋಡಿದರು. ತೊಂಡೆಕಾಯಿ ಹಿಡಿದಿದ್ದ ಕೈಯಲ್ಲೇ ಕಣ್ಣು ಒರೆಸಿಕೊಂಡರು. ಆ ಮಧ್ಯಾಹ್ನ ನಮ್ಮಮ್ಮನಿಗೆ ಒಂದು ಕಾರ್ಡು ಹೋಯಿತು. ಅಕ್ಷರ ಪೂರ್ತಿ ಹಳೆಯದಾಗಿರಲಿಲ್ಲ, ಆದರೆ ಅಮ್ಮ ಅದನ್ನು ಅಕ್ಕಪಕ್ಕದವರಿಗೆಲ್ಲ ತೋರಿಸಿದಳಂತೆ.

ಬೀದಿಯವರು ಕೇಳಿದರೆ ನಾನು ಹೇಳುತ್ತಿದ್ದ ರೀತಿ ಹೇಗಿತ್ತೆಂದರೆ, ಕಾಯಿಲೆ ಪತ್ತೆ ಮಾಡಿದವನೂ ನಾನೇ, ಔಷಧಿ ಕಂಡುಹಿಡಿದವನೂ ನಾನೇ ಎನಿಸಬೇಕು. ಜಗಲಿಯ ಮೇಲೆ ನಿಂತು ಮಿದುಳಿನ ಗೋಡೆಯನ್ನು ಕೈಯಿಂದ ಗಾಳಿಯಲ್ಲಿ ಬರೆದು ತೋರಿಸುತ್ತಿದ್ದೆ. ಪಕ್ಕದ ಮನೆಯಾಕೆ ತಮ್ಮ ಮಂಡಿನೋವಿಗೂ ಆ ಬಾಗಿಲಿನಿಂದ ಏನಾದರೂ ಕಳಿಸಬಹುದಾ ಎಂದು ಕೇಳಿದರು. ನೋಡೋಣ ಎಂದೆ.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ದೊಡ್ಡಮ್ಮ ವಾಕರಿಕೆಯಿಂದ ಬಡವಾಗಿದ್ದರು. ಹೊಸ ಔಷಧಿಗೆ ಸ್ವಲ್ಪ ಬಲ ಕೊಡೋಣ ಎಂದು ನನಗೆ ಅನಿಸಿತು. ಟಾನಿಕ್ಕು ಕುಡಿಸುವುದು ಆಸ್ಪತ್ರೆಗೆ ಹೋಗುವ ಮುಂಚೆಯೇ ನಿಂತಿತ್ತು. ಈ ಸಲ ಬ್ಯಾಗಿನಿಂದ ಕೆಂಪು ಮಾತ್ರೆ ತೆಗೆದೆ. ಬೆಳಗ್ಗೆ ಒಂದು, ಸಂಜೆ ಒಂದು. ಡಾಕ್ಟರನ್ನು ಕೇಳೋಣವೇ ಎಂದು ದೊಡ್ಡಪ್ಪ ಅಂದರು. ವಿಟಮಿನ್ನಿಗೆ ಯಾರನ್ನು ಕೇಳಬೇಕು, ನಾನೇ ದಿನಾ ಡಾಕ್ಟರುಗಳಿಗೆ ಹೇಳುವುದಿಲ್ಲವೇ ಎಂದೆ.

ನಾಲ್ಕನೆಯ ದಿನ ದೊಡ್ಡಮ್ಮನ ಕೈ ಮತ್ತೆ ಆಡತೊಡಗಿತು. ಆರನೆಯ ದಿನ ಕುರ್ಚಿಯಿಂದ ಏಳಲು ನಾವಿಬ್ಬರೂ ತೋಳು ಹಿಡಿಯಬೇಕಾಯಿತು. ಅನ್ನ ಕಲಸಲು ಆಗುತ್ತಿರಲಿಲ್ಲ. ನಿಶ್ಶಕ್ತಿ ಹೆಚ್ಚಾಗಿದೆ ಎಂದು ನಾನು ಮಾತ್ರೆಯನ್ನು ದಿನಕ್ಕೆ ನಾಲ್ಕು ಮಾಡಿದೆ. ಅದನ್ನು ಈಗ ಬರೆಯುವಾಗಲೂ ಕೈ ತಡೆಯುತ್ತದೆ. ಹತ್ತನೆಯ ದಿನದ ಹೊತ್ತಿಗೆ ಅವರು ಔಷಧಿ ಶುರುವಾಗುವ ಮುಂಚೆ ಹೇಗಿದ್ದರೋ ಹಾಗೇ ಆಗಿದ್ದರು. ಆ ವಾರವಿಡೀ ನಾನು ಏರಿಯಾದ ಡಾಕ್ಟರುಗಳಿಗೆ, ಹೊಸ ಔಷಧಿಯ ಪ್ರಭಾವ ತಾತ್ಕಾಲಿಕ, ಸ್ವಂತ ಅನುಭವ ಎಂದು ಹೇಳಿಕೊಂಡು ಬಂದೆ.

ಆಸ್ಪತ್ರೆಗೆ ಮತ್ತೆ ಹೋದೆವು. ನರರೋಗದ ಡಾಕ್ಟರ ಜೊತೆ ಸಮಾನವಾಗಿ ಚರ್ಚಿಸಬೇಕೆಂದು ನಾನು ಬಿಳಿ ಹಾಳೆಯಲ್ಲಿ ಐದು ಅಂಶ ಬರೆದುಕೊಂಡು ಹೋಗಿದ್ದೆ. ಅವರು ದೊಡ್ಡಮ್ಮನ ಮಣಿಕಟ್ಟು ಹಿಡಿದು ಆಡಿಸಿ ನೋಡಿದರು. ಮಾತ್ರೆ ಹೊತ್ತಿಗೆ ಸರಿಯಾಗಿ ಕೊಡುತ್ತಿದ್ದೀರಾ ಎಂದು ದೊಡ್ಡಪ್ಪನನ್ನು ಕೇಳಿದರು. ದೊಡ್ಡಪ್ಪ ಕ್ಯಾಲೆಂಡರಿನ ಹಾಳೆಯನ್ನೇ ಮಡಿಸಿ ತಂದಿದ್ದರು, ತೆಗೆದು ತೋರಿಸಿದರು. ನಾನು ನನ್ನ ಒಂದನೆಯ ಅಂಶಕ್ಕೆ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಡಾಕ್ಟರು ಕೇಳಿದರು:

"ಟೀಚರಮ್ಮ, ಇದನ್ನ ಬಿಟ್ಟು ಬೇರೆ ಏನಾದ್ರೂ ತಗೋತಾ ಇದೀರಾ?"

ದೊಡ್ಡಮ್ಮ ಉತ್ತರ ಕೊಡಲು ಹೊತ್ತು ಹಿಡಿಯಿತು. ಡಾಕ್ಟರು ಕಾದರು.

"ನಮ್ಮ ಹುಡುಗ ಕೊಡೋ ಶಕ್ತಿ ಮಾತ್ರೆ," ಎಂದರು.

ನನ್ನ ಬ್ಯಾಗು ಕಾಲ ಬಳಿಯೇ ಇತ್ತು. ಹೆಮ್ಮೆಯಿಂದ ಆ ಮಾತ್ರೆಯ ಒಂದು ಪಟ್ಟಿ ತೆಗೆದು ಮೇಜಿನ ಮೇಲಿಟ್ಟೆ. ಡಾಕ್ಟರು ಕನ್ನಡಕವನ್ನು ಹಣೆಗೇರಿಸಿ ಹಿಂಬದಿಯ ಸಣ್ಣ ಅಕ್ಷರ ಓದಿದರು. ಓದಿ ಮುಗಿಸಿ ನನ್ನ ಟೈ ನೋಡಿದರು.

"ಇದರಲ್ಲಿ ಬಿ ಸಿಕ್ಸ್ ಎಷ್ಟಿದೆ ಗೊತ್ತಾ ನಿಮಗೆ?"

ಗೊತ್ತಿತ್ತು. ಪ್ರತಿದಿನ ಹತ್ತು ಜನಕ್ಕೆ ಹೇಳುತ್ತಿದ್ದ ಸಂಖ್ಯೆ ಅದು. ಸ್ಪಷ್ಟವಾಗಿ, ಅಭ್ಯಾಸದ ದನಿಯಲ್ಲಿ ಹೇಳಿದೆ. ಬೇರೆ ಕಂಪನಿಯವರಿಗಿಂತ ಹೆಚ್ಚು ಎಂದೂ ಸೇರಿಸಿದೆ.

"ಅದೇ ತೊಂದ್ರೆ," ಎಂದರು ಡಾಕ್ಟರು.

ಅವರು ಕೂಗಾಡಲಿಲ್ಲ. ಹಿಂದಿನ ಸಲದ ಹಾಗೆಯೇ ಕಾಗದ ತಿರುಗಿಸಿ ದೊಡ್ಡಮ್ಮನಿಗೆ ವಿವರಿಸಿದರು, ನನಗಲ್ಲ. ಲೆವೋಡೋಪಾ ಮಿದುಳಿನ ಒಳಗೆ ಹೋದ ಮೇಲೆ ತಾನೇ ತುಣುಕು ಕಳಚಿಕೊಳ್ಳಬೇಕು? ಆ ಕಳಚುವ ಕೆಲಸ ಮೈಯ ಬೇರೆ ಕಡೆಯಲ್ಲೂ ನಡೆಯುತ್ತದೆ. ಬಿ ಸಿಕ್ಸ್ ವಿಟಮಿನ್ನು ಹೆಚ್ಚಾದರೆ ಅದು ಇನ್ನೂ ಜೋರಾಗಿ ನಡೆಯುತ್ತದೆ. ಹಾಗಾಗಿ ಔಷಧಿ ಮಿದುಳಿನ ಬಾಗಿಲಿಗೆ ಬರುವ ಮುಂಚೆಯೇ, ರಕ್ತದಲ್ಲೇ, ಡೋಪಮಿನ್ ಆಗಿಬಿಡುತ್ತದೆ. ಡೋಪಮಿನ್ನಿಗೆ ಒಳಗೆ ಪ್ರವೇಶವಿಲ್ಲ. ಎಷ್ಟು ಮಾತ್ರೆ ನುಂಗಿದರೂ ಹೊರಗೇ ಉಳಿಯುತ್ತದೆ.

ಬ್ಲಡ್ ಬ್ರೇನ್ ಬ್ಯಾರಿಯರ್ ಬಗ್ಗೆ ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ನನ್ನಷ್ಟು ಮಾತಾಡಿದವರು ಆ ವರ್ಷ ಯಾರೂ ಇರಲಾರರು. ಅದನ್ನು ದಾಟಲು ಸಿದ್ಧವಾಗಿ ಹೊರಟಿದ್ದ ಔಷಧಿಯನ್ನು ದಿನಕ್ಕೆ ನಾಲ್ಕು ಮಾತ್ರೆ ಹಾಕಿ ದಾರಿಯಲ್ಲೇ ಹಾಳು ಮಾಡಿದವನೂ ನಾನೇ. ಐದು ಅಂಶದ ಹಾಳೆಯನ್ನು ಜೇಬಿನೊಳಗೇ ಮಡಿಸಿದೆ. ದೊಡ್ಡಪ್ಪ ಡಾಕ್ಟರಿಗೆ ನಮಸ್ಕಾರ ಹೇಳಿ, ಮೇಜಿನ ಮೇಲಿದ್ದ ಮಾತ್ರೆ ಪಟ್ಟಿಯನ್ನು ಎರಡು ಬೆರಳಲ್ಲಿ ಎತ್ತಿ ನನ್ನ ಬ್ಯಾಗಿಗೆ ಹಾಕಿದರು.

ಬಸ್ಸಿನಲ್ಲಿ ನಾನು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದೆ. ಅಳು ಬಂದಿತ್ತು ಎಂದರೆ ಸುಳ್ಳಲ್ಲ. ನಾಲ್ಕೈದು ಸ್ಟಾಪು ಕಳೆದ ಮೇಲೆ ದೊಡ್ಡಮ್ಮ, ಆ ಸಣ್ಣ ದನಿಯಲ್ಲೇ, ಕೇಳಿದರು:

"ಯಾಕೋ, ಇವತ್ತು ಪಾಠ ಇಲ್ವಾ?"

ತಪ್ಪಾಯಿತು ದೊಡ್ಡಮ್ಮ ಎಂದೆ. ಅವರು ಆಡುತ್ತಿದ್ದ ಕೈಯನ್ನು ನನ್ನ ಮಂಡಿಯ ಮೇಲೆ ಇಟ್ಟರು. ನೀನು ಕೆಟ್ಟದ್ದು ಮಾಡೋಕೆ ಕೊಡಲಿಲ್ಲವಲ್ಲ ಎಂದರು. ಗೊತ್ತಿಲ್ಲದೇ ಇದ್ದರೆ ಗೊತ್ತಿಲ್ಲ ಅನ್ನುವುದನ್ನು ಮಾತ್ರ ಕಲಿತುಕೋ ಎಂದೂ ಹೇಳಿದರು. ಮನೆಗೆ ಬಂದ ಮೇಲೆ ದೊಡ್ಡಪ್ಪನದು ಒಂದೇ ಮಾತು: "ಇನ್ಮೇಲೆ ಈ ಮನೇಲಿ ಯಾರಿಗೂ ಶಕ್ತಿ ಬೇಡ." ನನ್ನ ಸ್ಯಾಂಪಲ್ ಡಬ್ಬವೆಲ್ಲ ಅಂದೇ ಬಚ್ಚಲಮನೆಯ ಅಟ್ಟ ಸೇರಿತು.

ಒಂದು ವಾರದಲ್ಲಿ ದೊಡ್ಡಮ್ಮ ಮತ್ತೆ ಎದ್ದು ನಡೆದರು.

ಪಶ್ಚಾತ್ತಾಪದ ಬಿಸಿಯಲ್ಲಿ ನಾನು ತಿಂಗಳ ಮೀಟಿಂಗಿನಲ್ಲಿ ಎದ್ದು ನಿಂತು, ಲೆವೋಡೋಪಾ ತೆಗೆದುಕೊಳ್ಳುವವರಿಗೆ ನಮ್ಮ ಮಾತ್ರೆ ಕೊಡಬಾರದು ಎಂದು ಡಾಕ್ಟರುಗಳಿಗೆ ನಾವೇ ಹೇಳಬೇಕು ಎಂದೆ. ಮ್ಯಾನೇಜರು ಬಹಳ ಸಮಾಧಾನದಿಂದ, ನಿನ್ನ ಏರಿಯಾದಲ್ಲಿ ಆ ಔಷಧಿ ತೆಗೆದುಕೊಳ್ಳುವವರು ಎಷ್ಟು ಜನ ಎಂದು ಕೇಳಿದರು. ನನಗೆ ಗೊತ್ತಿದ್ದವರು ಒಬ್ಬರು. ಒಬ್ಬರು ಎಂದೆ. ಎಲ್ಲರೂ ನಕ್ಕರು. ಆದರೂ ಬಿಡದೆ, ಮರುದಿನ ಕೆಂಗೇರಿಯ ಆ ಕಣ್ಣು ಮುಚ್ಚಿ ಕೇಳುವ ಡಾಕ್ಟರಿಗೆ ಹೇಳಿದೆ. ಅವರು ಕಣ್ಣು ತೆರೆದು, ಅದು ನನಗೆ ಗೊತ್ತು ಕಣಯ್ಯ, ನಿನಗೆ ಯಾವಾಗ ಗೊತ್ತಾಯ್ತು ಎಂದರು. ಅಲ್ಲಿಂದ ಮುಂದೆ ಮಿದುಳಿನ ಮಾತು ಬಿಟ್ಟು ಬರೀ ಟಾನಿಕ್ಕಿನ ಮಾತಾಡಿದೆ. ವಿಚಿತ್ರವೆಂದರೆ ಮಾರಾಟ ಹೆಚ್ಚಾಯಿತು.

ಆ ಡಿಸೆಂಬರಿನಲ್ಲಿ ಮಾಗಡಿ ರಸ್ತೆಯ ಪಕ್ಕ ಅವರೆಕಾಯಿಯ ರಾಶಿಗಳು ಬಿದ್ದವು. ಹಿಂದಿನ ವರ್ಷ ದೊಡ್ಡಮ್ಮನಿಗೆ ಅವರೆ ಹಿತುಕಲು ಆಗಿರಲಿಲ್ಲ. ನೆನೆಸಿದ ಕಾಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿ ಸಿಪ್ಪೆಯಿಂದ ಹಾರಿಸಬೇಕು. ಅದಕ್ಕೆ ಬೇಕಾದ ಎರಡು ಬೆರಳುಗಳೇ ಅವರ ಕಾಯಿಲೆಯ ಬೆರಳುಗಳು. ಈ ವರ್ಷ ಬೆಳಗ್ಗೆ ಮಾತ್ರೆ ನುಂಗಿ, ಬಿಸಿಲಿಗೆ ಜಗಲಿಯಲ್ಲಿ ಕೂತು, ಮೊರದ ತುಂಬ ಹಿತುಕಿ ಹಾಕಿದರು. ಕಾಳು ಟಪ್ಪನೆ ಹಾರಿ ಮೊರಕ್ಕೆ ಬೀಳುವ ಸದ್ದಿಗೆ ಅವರ ಮುಖದಲ್ಲಿ ನಗು ಬರುತ್ತಿತ್ತು. ಮನೆಯಲ್ಲಿ ದಿನ ಬಿಟ್ಟು ದಿನ ಹಿತುಕಿದ ಬೇಳೆಯ ಸಾರು. ಅವರಿಗೆ ಅದು ಪ್ರಾಣ. ಅನ್ನಕ್ಕೂ ಅದೇ, ಬಟ್ಟಲಿಗೆ ಹಾಕಿಕೊಂಡು ಕುಡಿಯುವುದಕ್ಕೂ ಅದೇ.

ಮಧ್ಯಾಹ್ನಗಳು ಕೆಡತೊಡಗಿದವು. ಒಂದು ದಿನ ಮೂರು ಗಂಟೆಯ ಹೊತ್ತಿಗೆ ಅಡುಗೆಮನೆಯ ಹೊಸಿಲಿನಲ್ಲಿ ದೊಡ್ಡಮ್ಮನ ಪಾದ ನೆಲಕ್ಕೆ ಅಂಟಿದಂತಾಗಿ ನಿಂತೇಬಿಟ್ಟರು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ದೊಡ್ಡಪ್ಪ ಮೊದಲು ನೋಡಿದ್ದು ನನ್ನ ಕಡೆಗೆ. ನಾನು ಅಟ್ಟ ಹತ್ತಿ ಡಬ್ಬಗಳನ್ನು ಎಣಿಸಿ, ಒಂದೂ ಕಡಿಮೆಯಾಗಿಲ್ಲ ಎಂದು ತೋರಿಸಬೇಕಾಯಿತು. ಆಮೇಲೆ ಮಾತ್ರೆ ಹಳೆಯದೇ ಇರಬೇಕು ಎಂದು ಅನುಮಾನಿಸಿ ಅಂಗಡಿಯವರ ಜೊತೆ ಜಗಳವಾಡಿ ಬಂದೆ. ಮಾತ್ರೆ ಹೊಸದೇ ಆಗಿತ್ತು.

ಅಷ್ಟರಲ್ಲಿ ದೊಡ್ಡಮ್ಮ ಬೇರೆ ಏನೋ ಮಾಡುತ್ತಿದ್ದರು. ಗೆರೆ ಹಾಕಿದ ಒಂದು ಕಾಪಿ ಪುಸ್ತಕ ತರಿಸಿಕೊಂಡು, ಎದ್ದಾಗಿನಿಂದ ಮಲಗುವವರೆಗೆ ಗಂಟೆಗೊಂದು ಸಲ ಒಂದೇ ವಾಕ್ಯ ಬರೆಯುತ್ತಿದ್ದರು: "ಮಗು, ಗೆರೆ ಬಿಟ್ಟು ಕೆಳಗೆ ಇಳಿಯಬೇಡ." ಒಂದನೆಯ ತರಗತಿಯವರಿಗೆ ಬರೆಸುತ್ತಿದ್ದ ವಾಕ್ಯವಂತೆ. ಪಕ್ಕದಲ್ಲಿ ಗಂಟೆ, ಏನು ತಿಂದರು ಎಂಬುದು. ಹೊತ್ತು ಹೋಗದೆ ಮಾಡುತ್ತಿದ್ದಾರೆ ಎಂದು ನಾನು ನಕ್ಕಿದ್ದೆ. ಹದಿನೈದು ದಿನವಾದ ಮೇಲೆ ಒಂದು ಸಂಜೆ ನನ್ನನ್ನು ಕರೆದು ಪುಸ್ತಕ ತೆರೆದು ತೋರಿಸಿದರು.

"ಬೆಳಗ್ಗೆ ಎಲ್ಲಾ ದಿನವೂ ಅಕ್ಷರ ದಪ್ಪಗಿದೆ, ನೋಡು. ಅವರೆ ಸಾರಿನ ದಿನ ಮಧ್ಯಾಹ್ನ ಇರುವೆ ಆಗಿದೆ. ಬರೀ ತಿಳಿಸಾರಿನ ದಿನ ಅಷ್ಟು ಇಲ್ಲ. ಏಕಾದಶಿ ದಿನ ನೋಡು."

ಏಕಾದಶಿಯ ದಿನ ಉಪವಾಸ, ಎರಡು ಬಾಳೆಹಣ್ಣು ಬಿಟ್ಟರೆ ಏನೂ ಇಲ್ಲ. ಬೆಳಗಿನಿಂದ ರಾತ್ರಿಯವರೆಗೆ ಒಂದೇ ಅಳತೆಯ ಅಕ್ಷರ. ದೊಡ್ಡಪ್ಪ ಅದನ್ನು ನೋಡಿ ದೇವರ ಮಹಿಮೆ ಎಂದು ಕೈಮುಗಿದರು. ದೊಡ್ಡಮ್ಮ, ದೇವರಿಗೆ ಅವರೆಕಾಳಿನ ಮೇಲೆ ಏನು ಸಿಟ್ಟು ಎಂದರು. ನಾನು ಬಾಯಿ ತೆರೆದೆ. ವಿವರಣೆ ಒಂದು ನಾಲಗೆಯ ತುದಿಗೆ ಬಂದಿತ್ತು. ಬಸ್ಸಿನಲ್ಲಿ ಹೇಳಿಸಿಕೊಂಡದ್ದು ನೆನಪಾಗಿ, ಗೊತ್ತಿಲ್ಲ ದೊಡ್ಡಮ್ಮ, ಡಾಕ್ಟರನ್ನು ಕೇಳೋಣ ಎಂದೆ. ನಾನು ಆ ಮಾತನ್ನು ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು.

ಆಸ್ಪತ್ರೆಯಲ್ಲಿ ಡಾಕ್ಟರು ಪುಸ್ತಕವನ್ನು ಒಂದೊಂದೇ ಹಾಳೆ ತಿರುಗಿಸಿ ನೋಡಿದರು. ಹೊರಗೆ ಸಾಲು ಉದ್ದವಿತ್ತು, ಆದರೂ ಅವಸರ ಮಾಡಲಿಲ್ಲ. ಏಕಾದಶಿಯ ಪುಟದಲ್ಲಿ ನಿಂತರು. ದೊಡ್ಡಮ್ಮ ಕುರ್ಚಿಯಲ್ಲಿ ನೆಟ್ಟಗೆ ಕೂತು ಕೇಳಿದರು:

"ಸಾರ್, ಈ ಔಷಧಿ ಬೇಳೆ ಕಾಳಿನ ಜಾತೀದು, ಅದೇ ಬಾಗಿಲಲ್ಲಿ ಹೋಗತ್ತೆ ಅಂದಿದ್ರಿ. ನಾನು ಒಂದು ಬಟ್ಟಲು ಅವರೆಬೇಳೆ ತಿಂದ್ರೆ ಅವೆಲ್ಲಾ ಒಟ್ಟಿಗೇ ಬಾಗಿಲಿಗೆ ಬರ್ತವಲ್ವಾ? ನೂಕುನುಗ್ಗಲಲ್ಲಿ ಔಷಧಿ ಹಿಂದೆ ಉಳ್ಕೋತಾ ಇರಬಹುದಾ?"

ಡಾಕ್ಟರು ಪುಸ್ತಕ ಮುಚ್ಚಿ ಹಿಂದಕ್ಕೆ ಒರಗಿದರು. ಹಾಗೆ ಆಗುತ್ತದೆ ಎಂದು ತಾವು ಓದಿದ್ದಾಗಿಯೂ, ತಮ್ಮ ರೋಗಿಗಳಲ್ಲಿ ಇಷ್ಟು ಸ್ಪಷ್ಟವಾಗಿ ಯಾರೂ ತೋರಿಸಿರಲಿಲ್ಲವೆಂದೂ ಹೇಳಿದರು. ಅವರೆಬೇಳೆಯ ಅಮೈನೋ ಆಮ್ಲಗಳಿಗೂ ಲೆವೋಡೋಪಾಗೂ ಒಂದೇ ದಾರಿ. ಅವು ತುಂಬ ಬಂದರೆ ಔಷಧಿಗೆ ಜಾಗ ಕಡಿಮೆ. ಬೇಳೆ ಬಿಡಬೇಕಾಗಿಲ್ಲ, ಹಗಲು ಕಡಿಮೆ ಮಾಡಿ ರಾತ್ರಿಯ ಊಟಕ್ಕೆ ಇಟ್ಟುಕೊಳ್ಳಿ, ಔಷಧಿಯನ್ನು ಊಟಕ್ಕೆ ಸ್ವಲ್ಪ ಮುಂಚೆ ನುಂಗಿ ಎಂದರು. ಬಾಗಿಲು ಎಷ್ಟು ಎಂದು ಹಿಂದೊಮ್ಮೆ ದೊಡ್ಡಮ್ಮ ನನ್ನನ್ನು ಕೇಳಿದಾಗಲೇ ಅವರ ತಲೆ ಎಲ್ಲಿಗೆ ಓಡುತ್ತಿತ್ತು ಎಂಬುದು ನನಗೆ ಆಗ ಹೊಳೆಯಿತು. ನಾನು ಸಾಕಷ್ಟಿವೆ ಎಂದಿದ್ದೆ.

ಡಾಕ್ಟರು ಆ ಕಾಪಿ ಪುಸ್ತಕವನ್ನು ಒಂದು ವಾರಕ್ಕೆ ಕೇಳಿ ಇಟ್ಟುಕೊಂಡರು. ವಾಪಸು ಕೊಡುವಾಗ ಒಂದು ಬೇಡಿಕೆ ಇಟ್ಟರು. ಇದೇ ಔಷಧಿ ತೆಗೆದುಕೊಳ್ಳುವವರು ಶುಕ್ರವಾರ ಏಳೆಂಟು ಜನ ಬರುತ್ತಾರೆ, ನಾನು ಹೇಳಿದರೆ ತಲೆಯಾಡಿಸಿ ಹೋಗುತ್ತಾರೆ, ನೀವೊಮ್ಮೆ ಅವರ ಜೊತೆ ಕೂತು ಮಾತಾಡಿ ಎಂದು. ದೊಡ್ಡಮ್ಮ ನಿವೃತ್ತರಾದ ಮೇಲೆ ಯಾರೂ ಅವರನ್ನು ಹಾಗೆ ಪಾಠ ಹೇಳಲು ಕರೆದಿರಲಿಲ್ಲ. ಮುಂದಿನ ಶುಕ್ರವಾರ ಗಂಜಿ ಹಾಕಿದ ಸೀರೆ ಉಟ್ಟು ಹೊರಟರು. ನಾನು ಬ್ಯಾಗು ಹೊತ್ತುಕೊಂಡು ಹಿಂದೆ ಹೋದೆ.

ಆಸ್ಪತ್ರೆಯ ವರಾಂಡದ ಬೆಂಚಿನ ಮೇಲೆ ಅವರು ನಡುವೆ, ಎರಡೂ ಕಡೆ ಕೈ ನಡುಗುವ ಗಂಡಸರು ಹೆಂಗಸರು. ಲಗ್ಗೆರೆಯಿಂದ ಬರುತ್ತಿದ್ದ ಒಬ್ಬ ಮುದುಕರು ಬೆಳಗ್ಗೆ ಮಾತ್ರೆಯನ್ನು ದೊಡ್ಡ ಲೋಟ ಹಾಲಿನ ಜೊತೆ ನುಂಗುತ್ತಿದ್ದರು, ಹೊಟ್ಟೆಗೆ ತಂಪು ಎಂದು. ಹಾಲು ಸಂಜೆ ಕುಡೀರಿ, ಮಾತ್ರೆ ನೀರಲ್ಲಿ ನುಂಗಿ ಎಂದು ದೊಡ್ಡಮ್ಮ ಹೇಳಿದರು. ಎರಡು ವಾರದ ಮೇಲೆ ಆತ ಮಗನ ಕೈ ಬಿಟ್ಟು ವರಾಂಡದಲ್ಲಿ ನಡೆದು ಬಂದರು. ಯಾರಾದರೂ ಮನೆಯಲ್ಲಿ ಟಾನಿಕ್ಕು ಕೊಡುತ್ತಾರಾ ಎಂದು ದೊಡ್ಡಮ್ಮ ಪ್ರತಿಯೊಬ್ಬರನ್ನೂ ತಪ್ಪದೆ ಕೇಳುತ್ತಿದ್ದರು. ಯಾರು ಕೊಟ್ಟು ಏನಾಯಿತು ಎಂಬ ಕಥೆಯನ್ನು ನಾನು ಅಲ್ಲೇ ನಿಂತಿರುವಾಗ ಪೂರ್ತಿ ಹೇಳುತ್ತಿದ್ದರು. ದಿನಕ್ಕೆ ನಾಲ್ಕು ಮಾಡಿದ ಭಾಗಕ್ಕೆ ಬಂದಾಗ ಎಲ್ಲರೂ ತಲೆ ಎತ್ತಿ ನನ್ನನ್ನು ನೋಡುತ್ತಿದ್ದರು. ನಾನು ನೋಟೀಸ್ ಬೋರ್ಡು ಓದುತ್ತಿದ್ದೆ.

ಹೀಗೆ ಎರಡು ವರ್ಷ ನಡೆಯಿತು. ಆಮೇಲೆ ಔಷಧಿಯ ಒಳ್ಳೆಯ ಗಂಟೆಗಳು ಕಡಿಮೆಯಾಗುತ್ತ ಬಂದವು. ಮಾತ್ರೆಯ ಪ್ರಭಾವ ಇದ್ದಾಗ ತಲೆ, ಭುಜ ತಾನಾಗಿ ಹೊರಳಾಡುತ್ತಿತ್ತು, ಇಳಿದಾಗ ಮೈ ಮರಗಟ್ಟುತ್ತಿತ್ತು. ಇದು ಹೀಗೇ ಎಂದು ಡಾಕ್ಟರು ಮೊದಲೇ ಹೇಳಿದ್ದರಿಂದ ದೊಡ್ಡಮ್ಮ ಹೆದರಲಿಲ್ಲ. ಬಸ್ಸಿನ ಮೆಟ್ಟಿಲು ಹತ್ತಲು ಆಗದಾದಾಗ ಶುಕ್ರವಾರದ ಆಸ್ಪತ್ರೆ ನಿಂತಿತು. ಬೆಂಚಿನ ಜನ ಬಿಡಲಿಲ್ಲ. ಒಬ್ಬೊಬ್ಬರಾಗಿ ಭಾನುವಾರ ಬೆಳಗ್ಗೆ ರಾಜಾಜಿನಗರದ ಮನೆಗೇ ಬರತೊಡಗಿದರು. ದೊಡ್ಡಪ್ಪ ಕಾಫಿ ಮಾಡುತ್ತಿದ್ದರು, ಲೋಟ ಅರ್ಧಕ್ಕೆ ಮಾತ್ರ ತುಂಬಿಸಿ, ನಡುಗುವ ಕೈಗಳಿಂದ ಚೆಲ್ಲದ ಹಾಗೆ. ಪಕ್ಕದ ಮನೆಗಳಿಂದ ಕುರ್ಚಿ ತಂದು ಹಾಕುವುದು ನನ್ನ ಕೆಲಸ. ಒಂದು ಭಾನುವಾರ ಹೊಸದಾಗಿ ಬಂದ ಒಬ್ಬರು ಗೇಟಿನಲ್ಲೇ ನನ್ನನ್ನು ನಿಲ್ಲಿಸಿ, ಮೊಸರು ಹಗಲು ತಿನ್ನಬಹುದಾ ಸಾರ್ ಎಂದು ಕೇಳಿದರು. ಒಳಗೆ ಟೀಚರಮ್ಮನನ್ನು ಕೇಳಿ ಎಂದು ಹೇಳಿ, ಅವರ ಕೈ ಹಿಡಿದು ಮೆಟ್ಟಿಲು ಹತ್ತಿಸಿದೆ.